ಸಾಬಮ್ಮ ತುಂಬಿದ ಬಟ್ಟಲು

ಶಿಕ್ಷಕಿ ಕಸ್ತೂರಿಬಾಯಿಗೆ ಆ ದಿನ ಮೊದಲು ಸಿಟ್ಟು ಬಂದದ್ದು ಬಸ್ಸಿನ ಮೇಲೆ. ಕಮಲಾಪುರದಿಂದ ಕಲಬುರಗಿಯವರೆಗೆ ಒಂದು ತಗ್ಗನ್ನೂ ಅದು ಬಿಡಲಿಲ್ಲ. ಪ್ರತಿ ತಗ್ಗಿಗೂ ಅವಳ ತೊಡೆಯ ಮೇಲಿನ ಬುಟ್ಟಿಯಲ್ಲಿ ಏಳು ಪಿಂಗಾಣಿ ಬಟ್ಟಲು ಹಲ್ಲು ಕಡಿದವು. ಒಣ ಬಾಳೆಲೆ ಸುತ್ತಿಯೇ ಇಟ್ಟಿದ್ದಳು. ಆದರೂ ಒಂದು ಒಡೆದರೆ, ನಂಬಿ ಕೊಟ್ಟ ವಿದ್ಯಾರ್ಥಿನಿ ನೂರಜಹಾನಳ ತಾಯಿಗೆ ಹೇಗೆ ಮುಖ ತೋರಿಸುವುದು?

ಆಮೇಲೆ ಸಿಟ್ಟು ಪಕ್ಕದಲ್ಲಿ ಕೂತಿದ್ದ ಹೆಡ್‌ಮಾಸ್ತರ ಗುರುಲಿಂಗಪ್ಪನವರ ಮೇಲೆ ಹೊರಳಿತು.

"ನೋಡ್ರಿ ಬಾಯಾರ, ನೀರಿನಾಗ ವಿಜ್ಞಾನ ಅಂತೀರಿ, ಬಟ್ಟಲದಾಗ ಸಂಗೀತ ಅಂತೀರಿ. ಹುಡುಗೇರ ಅಪ್ಪಂದಿರು ನನ್ನ ಕೇಳಾಕತ್ಯಾರ, ಬಟ್ಟಲಾ ಬಾರಸಾಕ ಸಾಲಿಗಿ ಯಾಕ ಕಳಸಬೇಕು, ಮನ್ಯಾಗ ಇಲ್ಲೇನು ಅಂತ. ಇವತ್ತ ಇನ್ಸ್‌ಪೆಕ್ಟರ್ ಸಾಹೇಬರು ಪಾಠ ನೋಡಿ ಹೂಂ ಅಂದ್ರ ಇರ್ಲಿ. ಇಲ್ಲಂದ್ರ ಸೋಮವಾರದಿಂದ ಆ ತಾಸು ಲೆಕ್ಕಕ್ಕ."

ಪೊಲೀಸ್ ಆಕ್ಷನ್ ಆಗಿ, ನಿಜಾಮನ ಆಳ್ವಿಕೆ ಮುಗಿದು ಮೂರು ವರ್ಷವಾಗಿತ್ತು. ಉರ್ದು ಪಾಠಗಳ ಜಾಗಕ್ಕೆ ಕನ್ನಡ ಬಂದಿತ್ತು. ಮಕ್ಕಳು ಕೈಯಿಂದ ಮಾಡಿ ಕಲಿಯಬೇಕೆಂದು ಹೊಸ ಹುಕುಂ ಕೂಡ ಬಂದಿತ್ತು. ಹೇಗೆಂದು ಮಾತ್ರ ಯಾರೂ ಹೇಳಿರಲಿಲ್ಲ. ಕಸ್ತೂರಿಬಾಯಿ ತನಗೆ ತೋಚಿದ್ದನ್ನು ಶುರುಮಾಡಿದ್ದಳು. ಬಟ್ಟಲಿಗೆ ನೀರು ಹಾಕಿ ಕಡ್ಡಿಯಿಂದ ಬಾರಿಸುವುದು. ನೀರು ಹೆಚ್ಚಿದರೆ ದನಿ ಇಳಿಯುತ್ತದೆ, ತಗ್ಗಿದರೆ ಏರುತ್ತದೆ. ಏಳು ಬಟ್ಟಲು ಕೂಡಿದರೆ ಒಂದು ಹಾಡು.

ಕಲಬುರಗಿಯ ಬ್ರಹ್ಮಪುರದ ಸಾಲೆಯಲ್ಲಿ ಅವರಿಗೊಂದು ಕೋಣೆ ಕೊಟ್ಟಿದ್ದರು. ಜೊತೆಗೆ ಬಂದಿದ್ದ ವಿದ್ಯಾರ್ಥಿನಿ ಮಾನಮ್ಮ ಚಮಚೆಯಿಂದ ಹನಿಹನಿಯಾಗಿ ನೀರು ಹಾಕಿ, ತೆಗೆದು, ಕಿವಿಗೊಟ್ಟು ಏಳನ್ನೂ ಹೊಂದಿಸಿದಳು. ಸಾಹೇಬರನ್ನು ಎದುರುಗೊಳ್ಳಲು ಎಲ್ಲರೂ ಬಾಗಿಲಿಗೆ ಹೋದರು. ವಾಪಸು ಬಂದು ನೋಡಿದರೆ ಏಳೂ ಬಟ್ಟಲು ಕಂಠಮಟ ತುಂಬಿ ತುಳುಕುತ್ತಿದ್ದವು. ಪಕ್ಕದಲ್ಲಿ ಆ ಸಾಲೆಯ ಆಯಾ ಸಾಬಮ್ಮ ಕೊಡ ಹಿಡಿದು ನಿಂತಿದ್ದಳು.

"ಯಾರು ತುಂಬ್ಯಾರ ಇದನ್ನ?" ಎಂದಳು ಕಸ್ತೂರಿಬಾಯಿ.

"ನಾನಾ ತುಂಬೀನ್ರೀ. ದೊಡ್ಡವರು ಬರೂ ಹೊತ್ತಿನಾಗ ಅರ್ಧಮರ್ಧಾ ಬಟ್ಟಲಾ ಮುಂದಿಡ್ತಾರೇನ್ರೀ ಯಾರರ? ಕಮಲಾಪುರದಾಗ ನೀರಿಗಿ ಅಷ್ಟು ಬರ ಐತೇನ್ರೀ?"

ಕಸ್ತೂರಿಬಾಯಿ ಹಣೆ ಒತ್ತಿಕೊಂಡಳು. ಇನ್ಸ್‌ಪೆಕ್ಟರ್ ಮಹಮ್ಮದ ಸಾಹೇಬರು ಆಗಲೇ ಕುರ್ಚಿಯಲ್ಲಿ ಕೂತು ಕರವಸ್ತ್ರದಿಂದ ಬೆವರು ಒರೆಸಿಕೊಳ್ಳುತ್ತಿದ್ದರು. "ಸ್ವಲ್ಪ ಹೊತ್ತು ಕೊಡ್ರಿ ಸಾಹೇಬ್ರ," ಎಂದು ಅವಳು ಬಾಯಿ ತೆರೆಯುವುದರೊಳಗೆ ಸಾಬಮ್ಮ ಐದನೆಯ ಬಟ್ಟಲನ್ನೆತ್ತಿ ಅವರ ಕೈಗಿಟ್ಟಳು. "ದಣದು ಬಂದೀರಿ, ತಗೋರಿ."

ಬಾಯಾರಿದವರ ಕೈಯಿಂದ ನೀರು ಕಸಿದುಕೊಳ್ಳುವುದು ಹೇಗೆ? ಅವರು ಅರ್ಧ ಕುಡಿದು ಕೆಳಗಿಟ್ಟರು. ಗುರುಲಿಂಗಪ್ಪನವರು ಕಸ್ತೂರಿಬಾಯಿಯ ಕಡೆ ನೋಡಿದ ನೋಟದಲ್ಲಿ ಸೋಮವಾರ ಬಂದೇಬಿಟ್ಟಿತ್ತು.

ಮಾನಮ್ಮ ತನ್ನ ಪಾಡಿಗೆ ಆ ಬಟ್ಟಲಿಗೆ ಕಡ್ಡಿ ತಾಗಿಸಿ ನೋಡಿ ಮುಖ ಸಿಂಡರಿಸಿದಳು. "ಅಕ್ಕೋರ, ಸಾಹೇಬರು ಇದನ್ನ ಭಾಳ ಮ್ಯಾಲ ಮಾಡಿಟ್ಟಾರ್ರೀ."

"ಕ್ಯಾ? ನಾ ಏನ್ ಮಾಡೀನಿ?"

"ನೀವು ಕುಡದ್ರೆಲ್ರೀ, ಅದಕ್ಕ ದನಿ ಏರೇದ್ರಿ. ಕೇಳ್ರಿ." ಪಕ್ಕದ ತುಂಬಿದ ಬಟ್ಟಲು ದಪ್ಪಗೆ ಢಣ್ ಎಂದಿತು, ಇದು ಸಣ್ಣಗೆ ಟಿಣ್ ಎಂದಿತು.

ಸಾಹೇಬರು ಕಡ್ಡಿ ಇಸಿದುಕೊಂಡರು. ಒಂದು ಗುಟುಕು ಕುಡಿದು ಬಾರಿಸಿದರು. ಏರಿತು. ಇನ್ನೊಂದು ಗುಟುಕು, ಇನ್ನೂ ಏರಿತು. ಮತ್ತೊಂದು ಬಟ್ಟಲೆತ್ತಿಕೊಂಡು ಅದರಲ್ಲೂ ಹಾಗೇ ಮಾಡಿದರು.

"ವಾಹ್. ನಾನೂ ಸಾಲ್ಯಾಗ ಇದನ್ನ ಓದೀನಿ ಮಾಸ್ತರ. ಬಾಯಿಪಾಠ ಮಾಡಿ ಪಾಸ್ ಆದೆ, ಇವತ್ತಿನ ತನಕ ಕೇಳಿರಲಿಲ್ಲ. ಆ ತಾಸು ಇರ್ಲಿ. ಅಪ್ಪಂದಿರು ಕೇಳಿದ್ರ ನನ್ನ ಹೆಸರು ಹೇಳ್ರಿ." ಬಟ್ಟಲು ಕೆಳಗಿಟ್ಟರು. "ಇನ್ನ ಕುಡದ್ರ ನನ್ನ ಹೊಟ್ಟೀನ ಬಾರಸಬೇಕಾಗ್ತದ. ಈಗ ಹಾಡು ಕೇಳಸ್ರಿ."

ಕಸ್ತೂರಿಬಾಯಿ ಉಸಿರು ಬಿಟ್ಟು ತಿರುಗಿದಳು. ಸಾಹೇಬರು ಕುಡಿದಿಟ್ಟಿದ್ದ ಎರಡನ್ನೂ ಸಾಬಮ್ಮ ಮತ್ತೆ ಕಂಠಮಟ ತುಂಬಿಬಿಟ್ಟಿದ್ದಳು.

ಕಸ್ತೂರಿಬಾಯಿ ಬೈಯಲಿಲ್ಲ. ಚಮಚೆ ತೆಗೆದು ಸಾಬಮ್ಮನ ಕೈಗೆ ಕೊಟ್ಟು, ಅವಳ ಕೊಡವನ್ನು ತನ್ನ ಕಾಲ ಹಿಂದೆ ಇಟ್ಟುಕೊಂಡಳು. "ಕುಂಡ್ರು ಯವ್ವಾ. ಮಾನಮ್ಮ ಸಾಕು ಅನ್ನೂ ತನಕ ತಗೀತಾ ಹೋಗು. ಅಕಿ ಸಾಕು ಅಂದಮ್ಯಾಲ ಒಂದು ಹನಿ ಹಾಕೀದಿ ನೋಡು."

"ಅರ್ಧಕ್ಕಾ ಬಿಡೋದೇನವ್ವಾ?" ಎಂದು ಗೊಣಗುತ್ತಲೇ ಸಾಬಮ್ಮ ಕೂತಳು.