ಗೋಡೆಯೊಳಗಿನ ಬಾಣಂತಿಯರು

ಮೇಲಿನ ಮನೆಯ ಟೈಲರಮ್ಮನಿಗೂ ಕೆಳಗಿನ ಮನೆಯ ಟೀಚರಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ಕಾರಣ ಹೊಲಿಗೆ ಯಂತ್ರ. ನಿವೃತ್ತಿಯ ನಂತರ ಟೀಚರಿಗೆ ಮಧ್ಯಾಹ್ನದ ನಿದ್ದೆ ಅಭ್ಯಾಸವಾಗಿತ್ತು; ಟೈಲರಮ್ಮನ ಕೈತುಂಬ ಕೆಲಸವಿರುತ್ತಿದ್ದದ್ದೂ ಅದೇ ಹೊತ್ತಿನಲ್ಲಿ.

"ನಿನ್ನ ಮಿಷನ್ ನನ್ನ ತಲೆ ಮೇಲೇ ಓಡಿದ ಹಾಗಿರುತ್ತೆ" ಎಂದು ಟೀಚರ್ ಒಮ್ಮೆ ಮೆಟ್ಟಿಲ ಬುಡದಲ್ಲಿ ನಿಂತು ಅಂದರು. "ಹೊಟ್ಟೆಪಾಡು ಟೀಚರ್, ನಿದ್ದೆ ಮಾಡ್ಕೊಂಡು ಹೊಲಿಯೋಕಾಗಲ್ಲ" ಎಂದು ಇವಳೂ ಅಂದುಬಿಟ್ಟಳು. ಅಂದಿನಿಂದ ಒಬ್ಬರ ಬಾಗಿಲು ತೆರೆದರೆ ಇನ್ನೊಬ್ಬರದು ಮುಚ್ಚುತ್ತಿತ್ತು.

ಇಬ್ಬರೂ ಒಂಟಿ. ಟೀಚರ್ ಮದುವೆಯಾಗಿರಲಿಲ್ಲ. ಟೈಲರಮ್ಮನ ಗಂಡ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ಅವಳ ಮನೆಗೆ ಬರುವವರೆಲ್ಲ ಅಳತೆ ಕೊಡಲು ಬಂದವರು. ತೋಳು ಎತ್ತಿ ಅಂದರೆ ಎತ್ತುತ್ತಿದ್ದರು, ತಿರುಗಿ ಅಂದರೆ ತಿರುಗುತ್ತಿದ್ದರು, ಯಾವಾಗ ಕೊಡ್ತೀರಿ ಎಂದು ಕೇಳಿ ಹೊರಟುಬಿಡುತ್ತಿದ್ದರು.

ಒಂದು ಸಂಜೆ ಕೆಳಗಿನಿಂದ ಕೂಗು ಬಂತು. "ಟೈಲರಮ್ಮ, ಸ್ವಲ್ಪ ಬಾರಮ್ಮ."

ಇಳಿದು ನೋಡಿದರೆ ಟೀಚರ್ ತಲೆಗೆ ಟವೆಲ್ ಸುತ್ತಿಕೊಂಡು ಜಗಲಿಯಲ್ಲಿ ನಿಂತಿದ್ದರು. "ಕೋಣೆ ಒಳಗೆ ಬಾವಲಿ ಬಂದಿದೆ. ಕೂದಲಿಗೆ ಸಿಕ್ಕಿಕೊಂಡರೆ ಬಿಡಿಸೋಕಾಗಲ್ವಂತೆ."

"ನಿಮ್ಮ ಕೂದಲಲ್ಲಿ ಸಿಕ್ಕಿಕೊಳ್ಳೋಕೆ ಜಾಗ ಎಲ್ಲಿದೆ ಟೀಚರ್?"

ಬಾಯಿ ಜಾರಿದ ಮೇಲೆ ಟೈಲರಮ್ಮ ನಾಲಿಗೆ ಕಚ್ಚಿಕೊಂಡಳು. ಟೀಚರ್ ಮಾತ್ರ ನಕ್ಕುಬಿಟ್ಟರು.

ಅವಳು ಫ್ಯಾನ್ ನಿಲ್ಲಿಸಿದಳು. ಸುತ್ತಿ ಸುತ್ತಿ ದಣಿದ ಬಾವಲಿ ಪರದೆಯ ಮಡಿಕೆಯಲ್ಲಿ ಜೋತುಬಿತ್ತು. ದಪ್ಪ ಬಟ್ಟೆಯನ್ನು ಮಡಚಿ ಅದನ್ನು ಮೆಲ್ಲಗೆ ಮುಚ್ಚಿ ಹಿಡಿದಾಗ, ಒಳಗೆ ಹೆಬ್ಬೆರಳಿನಷ್ಟು ಜೀವ ನಡುಗುತ್ತಿತ್ತು. ಹೊರಗೆ ತಂದು ಗೋಡೆಗೆ ಬಿಟ್ಟಳು. ಅದು ತೆವಳುತ್ತಾ ಏರಿ, ಕಿಟಕಿಯ ಮೇಲಿನ ಬಿರುಕಿನೊಳಗೆ ನುಸುಳಿತು. ಒಳಗಿನಿಂದ ಚಿಂವ್ ಚಿಂವ್ ಎಂಬ ಗದ್ದಲ ಕೇಳಿಸಿತು.

ಮರುದಿನ ಟೀಚರ್ ಬಿರುಕು ಮುಚ್ಚಿಸಲು ಗಾರೆಯವನನ್ನು ಕರೆಸಿದರು. ಸಿಮೆಂಟ್ ಕಲಸುವ ಸದ್ದಿಗೆ ಟೈಲರಮ್ಮ ಟೇಪು ಕೊರಳಲ್ಲೇ ಇರುವಂತೆ ಓಡಿಬಂದಳು.

"ಒಳಗೆ ಮರಿಗಳಿವೆ ಟೀಚರ್. ರಾತ್ರಿಯೆಲ್ಲ ಕೇಳ್ತಾ ಇದ್ದೆ. ಮುಚ್ಚಿಬಿಟ್ರೆ ಅವು ಅಲ್ಲೇ ಸಾಯ್ತಾವೆ."

ಟೀಚರ್ ಬಿರುಕನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಗಾರೆಯವನಿಗೆ, "ಬಾಣಂತಿಯರನ್ನ ಹೊರಗೆ ಹಾಕಿದೋಳು ಅನ್ನಿಸ್ಕೊಳ್ಳೋದು ಬೇಡ. ಮರಿ ಹಾರಲಿ, ಆಮೇಲೆ ಬಾ" ಎಂದರು. ಅವನು ಗೊಣಗುತ್ತಾ ಹೋದ.

ಅಂದಿನಿಂದ ಹೊತ್ತು ಮುಳುಗುವಾಗ ಇಬ್ಬರೂ ಮೆಟ್ಟಿಲ ಮೇಲೆ ಕೂರತೊಡಗಿದರು. ಬಾವಲಿಗಳು ಒಂದೊಂದಾಗಿ ಬಿರುಕಿನಿಂದ ಜಾರಿ ಆಕಾಶಕ್ಕೆ ಬೀಳುತ್ತಿದ್ದವು. "ನನ್ನ ಕ್ಲಾಸಿನ ಮಕ್ಕಳಿಗಿಂತ ವಾಸಿ, ಬೆಲ್ ಹೊಡೆಯದೇನೇ ಸಾಲಾಗಿ ಹೊರಡ್ತಾವೆ" ಎನ್ನುತ್ತಿದ್ದರು ಟೀಚರ್. ಕಾಯುವ ಹೊತ್ತಿನಲ್ಲಿ ಮಾತು ಬೆಳೆಯಿತು. ಟೈಲರಮ್ಮ ಯಾರಿಗೂ ಹೇಳದ ಗಂಡನ ವಿಷಯ ಹೇಳಿದಳು. ಟೀಚರ್ ಕೈಯಲ್ಲಿದ್ದ ಬಿಸ್ಕತ್ತು ಮುರಿದು ಅರ್ಧ ಕೊಟ್ಟರು.

ಮರಿಗಳು ಹಾರಿದವು. ಕೆಲವು ಸಂಜೆ ಒಂದೂ ಹೊರಬರಲಿಲ್ಲ. ಗಾರೆಯವನು ಬಂದು ಬಿರುಕು ಮುಚ್ಚಿದ.

ಅಂದು ಸಂಜೆ ಟೈಲರಮ್ಮ ಎಂದಿನಂತೆ ಬಂದು ಕೂತಳು. ಟೀಚರ ಬಾಗಿಲು ತೆರೆಯಲಿಲ್ಲ. ಮರುಸಂಜೆಯೂ ಅಷ್ಟೇ. ಮುನಿಸೇನೂ ಇರಲಿಲ್ಲ, ಗೇಟಿನಲ್ಲಿ ಸಿಕ್ಕರೆ "ಚೆನ್ನಾಗಿದ್ದೀಯಾ?" ಎಂದು ಕೇಳುತ್ತಿದ್ದರು. ಹೊರಗೆ ಬಂದು ಕೂರಲು ಕಾರಣವಿರಲಿಲ್ಲ, ಅಷ್ಟೇ.

ಕೊನೆಗೊಂದು ಸಂಜೆ ಅವಳೇ ಬಾಗಿಲು ತಟ್ಟಿದಳು.

"ಏನಮ್ಮ, ನಿನ್ನ ಮನೆಗೂ ಬಾವಲಿ ಬಂತಾ?"

"ಇಲ್ಲ ಟೀಚರ್. ಸುಮ್ಮನೆ ಬಂದೆ."

ಟೀಚರ್ ಬಾಗಿಲು ಹಿಡಿದುಕೊಂಡೇ ಒಳಗೆ ತಿರುಗಿ ನೋಡಿದರು. ಹಿಂದೆ ಟಿವಿ ಮಾತಾಡುತ್ತಿತ್ತು. "ಧಾರಾವಾಹಿ ಮುಗೀಲಿ, ಬರ್ತೀನಿ ಕೂತಿರು" ಎಂದರು.

ಅವಳು ಮೆಟ್ಟಿಲ ಒಂದು ಬದಿಗೆ ಸರಿದು ಕೂತಳು. ಒಳಗೆ ಧಾರಾವಾಹಿ ಮುಗಿದು ಜಾಹೀರಾತುಗಳು ಬಂದವು, ಮತ್ತೊಂದು ಧಾರಾವಾಹಿ ಶುರುವಾಯಿತು. ಟೀಚರ್ ಮರೆತಿರಬಹುದು, ಕುರ್ಚಿಯಲ್ಲೇ ಕಣ್ಣು ಹತ್ತಿರಬಹುದು. ಮತ್ತೆ ತಟ್ಟಲು ಮನಸ್ಸು ಬರಲಿಲ್ಲ. ಹೇಳಬೇಕೆಂದಿದ್ದದ್ದು ದೊಡ್ಡ ವಿಷಯವೇನಲ್ಲ: ಬೀದಿ ದೀಪದ ಸುತ್ತ ಎರಡು ಬಾವಲಿ ಹಾರುತ್ತಿದ್ದವು, ನಮ್ಮವೇ ಇರಬೇಕು ಎಂದು.

ನೋಡುವಷ್ಟು ನೋಡಿ ಅವಳು ಎದ್ದು ಮೇಲೆ ಹೋದಳು.