ಕೆಂಚನ ಎದೆಪಟ್ಟಿ

ನಾಯಿ ಕೆಂಚನ ಕೊರಳಿಗೆ ಯಾವ ಪಟ್ಟಿಯೂ ಒಗ್ಗಲಿಲ್ಲ. ಕದರಯ್ಯ ಗುಬ್ಬಿ ಸಂತೆಯಿಂದ ಮೊದಲು ನೈಲಾನ್ ಬೆಲ್ಟು ತಂದ. ಎರಡೇ ದಿನಕ್ಕೆ ಅದರಡಿಯ ಸುಟ್ಟ ಚರ್ಮ ಕೆಂಪಾಗಿ ನೀರು ಒಸರಿತು. ಆಮೇಲೆ ಹಗ್ಗಕ್ಕೆ ಬಟ್ಟೆ ಸುತ್ತಿ ಕಟ್ಟಿದ. ಬಟ್ಟೆ ಗಾಯಕ್ಕೆ ಅಂಟಿಕೊಂಡಿತು. ಬಿಡಿಸುವಾಗ ನಾಯಿ ಅವನ ಕೈಗೆ ಬಾಯಿ ಹಾಕಿ, ಕಚ್ಚದೆ ಹಾಗೇ ಬಿಟ್ಟಿತು. ಕಟ್ಟದೆ ಬಿಟ್ಟರೆ ಮಣ್ಣಲ್ಲಿ ಹೊರಳಿ ಗಾಯವನ್ನೆಲ್ಲ ಕೆದರಿಕೊಳ್ಳುತ್ತಿತ್ತು. ಮಾಗುವ ತನಕ ಕಟ್ಟಿಯೇ ಇಡಬೇಕು, ಆದರೆ ಕೊರಳಿಗೆ ಏನೂ ಹಾಕಕೂಡದು, ಎದೆಗೆ ಹಾಕುವ ಪಟ್ಟಿ ನೋಡಿಕೊಳ್ಳಿ ಎಂದು ದನದ ಡಾಕ್ಟರು ಮುಲಾಮು ಕೊಟ್ಟು ಕಳಿಸಿದ್ದರು.

ಆ ಬೇಸಿಗೆಯಲ್ಲಿ, ಎರಡು ಸಾವಿರದ ಎರಡನೇ ಇಸವಿ, ಊರಿಗೆಲ್ಲ ಗೊತ್ತಿದ್ದ ಸಂಗತಿ ಇಷ್ಟು: ಪಕ್ಕದ ಮನೆ ಕಲ್ಲಮ್ಮ ನಾಯಿಯ ಮೇಲೆ ಬಿಸಿನೀರು ಸುರಿದಳು. ಕದರಯ್ಯ ತಾನಾಗಿ ಹಾಗಂತ ಯಾರಿಗೂ ಹೇಳಿರಲಿಲ್ಲ. ಹಾಲಿನ ಡೈರಿಯ ಸಾಲಿನಲ್ಲಿ ಯಾರೋ ನಾಯಿಗೇನಾಯಿತು ಎಂದರು. ಇನ್ಯಾರೋ, ಮೊನ್ನೆ ಇದು ಕೋಳಿಮರಿ ಹಿಡಿದಾಗ ಬಿಸ್ನೀರು ಉಯ್ತೀನಿ ಅಂತಿದ್ಲಲ್ಲ ಕಲ್ಲಮ್ಮ, ಉಯ್ದೇಬಿಟ್ಲಾ ಎಂದರು. ಕದರಯ್ಯ ಹ್ಞೂಂ ಅಂದ. ಆಡಿದ್ದು ಅಷ್ಟೇ. ಅಷ್ಟಕ್ಕೇ ಹೆಂಗಸರು ಕಲ್ಲಮ್ಮನ ಜೊತೆ ಮಾತು ಕಡಿಮೆ ಮಾಡಿದರು. ಸ್ಕೂಲಿಗೆ ಹೋಗುವ ಮಕ್ಕಳು ಬಿಸ್ನೀರ್ ಕಲ್ಲಮ್ಮ ಎಂದು ಕೂಗಿ ಓಡಿದವು. ಕದರಯ್ಯನ ಹೆಂಡತಿ ಲಕ್ಷ್ಮೀದೇವಮ್ಮ, ಆ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತರುವುದನ್ನೂ ನಿಲ್ಲಿಸಿದಳು.

ನಿಜ ಏನೆಂದರೆ, ನಾಯಿಗೆ ಕಜ್ಜಿ ಹತ್ತಿತ್ತು. ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನಿನಿಂದ ಬಸಿದ ಕರಿ ಆಯಿಲನ್ನು ಕದರಯ್ಯ ತೆಂಗಿನ ಚಿಪ್ಪಿನಲ್ಲಿ ತಂದು, ಕೊರಳು, ಕಂಕುಳು, ಹೊಟ್ಟೆ ಅಂತ ಬಿಡದೆ ಉಜ್ಜಿದ್ದ. ಅವನಪ್ಪ ಎತ್ತುಗಳಿಗೆ ಹಚ್ಚುತ್ತಿದ್ದದ್ದು ಅದನ್ನೇ. ಒಂದು ಸಲಕ್ಕೆ ಹೋಗಲಿಲ್ಲವೆಂದು ಮೂರು ಸಲ ಹಚ್ಚಿದ. ಮೂರನೆಯ ಸಲ ಹಚ್ಚಿ ಬಿಸಿಲಿಗೆ ಕಟ್ಟಿ ತೋಟಕ್ಕೆ ಹೋದ. ಸಂಜೆ ಬಂದಾಗ ರೋಮದ ಜೊತೆ ಚರ್ಮವೂ ಕೈಗೆ ಬಂತು.

ತುಮಕೂರಿನಲ್ಲಿ ಜಟಕಾ ಕುದುರೆಗಳಿಗೆ ಸಾಮಾನು ಹೊಲಿಯುತ್ತಿದ್ದ ಅಬ್ದುಲ್ ರಶೀದರು ಇನ್ನೂ ಅಂಗಡಿ ಇಟ್ಟಿದ್ದಾರೆಂದು ತಿಳಿದು, ಕದರಯ್ಯ ಕೆಂಚನನ್ನು ಟಿವಿಎಸ್ಸಿನ ಮುಂದೆ ಗೋಣಿತಾಟು ಹಾಸಿ ಕೂರಿಸಿಕೊಂಡು ಹೊರಟ. ಜಟಕಾ ಎಂದೋ ಕಡಿಮೆಯಾಗಿ ರಶೀದರು ಈಗ ಆಟೋ ಸೀಟು ಹೊಲಿಯುತ್ತಿದ್ದರು. ಅವರ ಅಪ್ಪ ಕುಣಿಗಲ್ಲಿನ ಕುದುರೆಗಳಿಗೆ ಜೀನು ಹೊಲಿದವರಂತೆ.

ಕದರಯ್ಯ ನಾಯಿಯನ್ನು ಹಿಡಿದುಕೊಂಡು ರಸ್ತೆಯಾಚೆಯೇ ನಿಂತ. ನಾಯಿ ಜೊಲ್ಲು ತಾಗಿದರೆ ನಿಮ್ಮ ನಮಾಜಿಗೆ ಆಗದಲ್ಲ ಎಂದು ಸಂಕೋಚಪಟ್ಟ. ರಶೀದರು, ತಾಗಿದರೆ ತೊಳ್ಕತೀನಿ, ಬಾಯಿ ನೀವು ಹಿಡ್ಕಳಿ ಸಾಕು ಎಂದು ಮೆಟ್ಟಿಲ ಮೇಲೆ ಕೂತರು. ಅಳತೆಗಿಂತ ಮೊದಲು ಗಾಯ ನೋಡುವುದು ಅವರ ಪದ್ಧತಿ. ಏನಾಯಿತೆಂದು ಕೇಳಿದರು. ಪಕ್ಕದ ಮನೆಯವಳು ಬಿಸಿನೀರು ಸುರಿದಳು ಎಂದು ಕದರಯ್ಯ ಹೇಳಿದ. ಈ ಸಲ ಬಾಯಿಬಿಟ್ಟೇ ಹೇಳಿದ.

ರಶೀದರು ಮುಂಗಾಲು ಮೆಲ್ಲಗೆ ಎತ್ತಿ ಕಂಕುಳು ನೋಡಿದರು, ಹೊಟ್ಟೆಯಡಿ ಬಗ್ಗಿ ನೋಡಿದರು. ಉಳಿದ ರೋಮದ ಬುಡವನ್ನು ಬೆರಳಿಂದ ಒರೆಸಿ ಮೂಸಿದರು.

"ಯಜಮಾನ್ರೆ, ಸುರಿದ ನೀರು ಬೆನ್ನ ಮೇಲೆ ಬೀಳ್ತದೆ. ಇದರ ಬೆನ್ನು ಚೆನ್ನಾಗೈತೆ. ಸುಟ್ಟಿರೋದೆಲ್ಲ ಕೈಯಲ್ಲಿ ಉಜ್ಜೋ ಜಾಗ."

ಕದರಯ್ಯ ನಾಯಿಯ ಬಾಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

"ನಾನೇನು ಪೋಲೀಸಲ್ಲ," ಎಂದರು ರಶೀದರು. "ನೀರಿನ ಗಾಯ ಆದ್ರೆ ಮೆತ್ತನೆ ತೊಗಲಲ್ಲಿ ಹೊಲಿದುಕೊಡ್ತೀನಿ. ಆಯಿಲ್ ಆದ್ರೆ ತೊಗಲು ಬೇಡವೇ ಬೇಡ. ತೊಗಲಿಗೂ ಎಣ್ಣೆ ಕುಡಿಸಿರ್ತೀವಿ, ಬಿಸಿಲಿಗೆ ಬಿಟ್ಕಂಡು ಪುನಃ ಅದೇ ಕತೆ. ಯಾವುದು ಹೇಳ್ಬಿಡಿ."

ಪಕ್ಕದ ಟೀ ಅಂಗಡಿಯಲ್ಲಿ ಇಬ್ಬರು ಇತ್ತಲೇ ನೋಡುತ್ತಿದ್ದರು. ಕದರಯ್ಯ ಅವರಿಗೆ ಬೆನ್ನು ಹಾಕಿ ಬಗ್ಗಿದ.

"ಆಯಿಲ್ಲು," ಎಂದ. "ನಾನೇ ಹಚ್ಚಿದ್ದು."

ರಶೀದರು ಬೈಯಲಿಲ್ಲ. ಒಳಗೆ ಹೋಗಿ ಮಂಚಕ್ಕೆ ಹೆಣೆಯುವ ನವಾರಿನ ಹಳೆಯ ಸುರುಳಿ ತಂದರು. ಎಷ್ಟೋ ಸಲ ಒಗೆದು ಹತ್ತಿ ಮಿದುವಾಗಿತ್ತು. ಅದನ್ನು ಅಗಲಕ್ಕೆ ಕತ್ತರಿಸಿ, ಒಳಗಡೆ ಪಂಚೆಯ ತುಂಡು ಕೊಟ್ಟು, ಗಂಟು ಹೊಲಿಗೆಯೆಲ್ಲ ಹೊರಮೈಗೆ ಬರುವಂತೆ ಹೊಲಿದರು. ಪಟ್ಟಿ ಕೊರಳ ಬುಡಕ್ಕೂ ಹೋಗದೆ ಕಂಕುಳಿಗೂ ಇಳಿಯದೆ ಎದೆಮೂಳೆಯ ಮೇಲೆ ಕೂತಿತು. ಬಕಲ್ಲು ಬೆನ್ನಿಗೆ ಬಂತು. ಅಡಿಯಲ್ಲಿ ಎರಡು ಬೆರಳು ಸಲೀಸಾಗಿ ಓಡಬೇಕೆಂದು ಕದರಯ್ಯನ ಬೆರಳನ್ನೇ ತೂರಿಸಿ ತೋರಿಸಿದರು. ದಿನಾ ಬಿಚ್ಚಿ ಒಗೆಯಬೇಕು, ಸೋಪು ಬೇಡ. ಕೆಂಚ ನಾಲ್ಕು ಹೆಜ್ಜೆ ನಡೆದು, ಕೆರೆದುಕೊಳ್ಳದೆ ಕೂತಿತು.

ಕೈ ತೊಳೆಯುತ್ತ ರಶೀದರು ಕೇಳಿದರು: "ಹಂಗಾದ್ರೆ ಆಯಮ್ಮ?"

ಕದರಯ್ಯ ದುಡ್ಡು ಎಣಿಸಿ ಕೊಟ್ಟು, ನಾಯಿಯನ್ನು ಗಾಡಿಗೆ ಹತ್ತಿಸಿದ. ಗುಬ್ಬಿ ದಾಟುವವರೆಗೂ ಗಾಡಿಯನ್ನು ನಿಧಾನವಾಗಿ ಓಡಿಸಿದ.

ಊರಿಗೆ ಬಂದವನು ಮನೆಯೊಳಗೂ ಹೋಗದೆ ಕಲ್ಲಮ್ಮನ ಜಗಲಿಯ ಮುಂದೆ ನಿಂತ. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಆಯಿಲ್ಲಿನ ವಿಷಯ, ಡೈರಿಯಲ್ಲಿ ಹ್ಞೂಂ ಅಂದದ್ದು, ಎಲ್ಲ ತಡವರಿಸಿ ಹೇಳಿ ತಪ್ಪಾಯ್ತಕ್ಕಾ ಎಂದ. ಮೊರ ನಿಲ್ಲಲಿಲ್ಲ.

"ನನ್ ಕಿವಿಗ್ಯಾಕ್ ಹೇಳ್ತೀಯಪ್ಪ," ಎಂದಳು ಕಲ್ಲಮ್ಮ. "ನಾನು ಸುರೀಲಿಲ್ಲ ಅಂತ ನಂಗ್ ಮೊದ್ಲೇ ಗೊತ್ತಿತ್ತು. ಗೊತ್ತಿಲ್ದೋರಿಗೆ ಹೋಗ್ ಹೇಳು."

ಲಕ್ಷ್ಮೀದೇವಮ್ಮನಿಗೆ ಆ ರಾತ್ರಿಯೇ ಹೇಳಿದ. ಅವಳು ಊಟ ಬಡಿಸಿ ಎದ್ದುಹೋದಳು.

ಬೆಳಿಗ್ಗೆ ಡೈರಿಯಲ್ಲಿ ಇಪ್ಪತ್ತು ಜನರ ಸಾಲು. ಸೆಕ್ರೆಟರಿ ರೇವಣಸಿದ್ದಯ್ಯ ಹಾಲಿಗೆ ಲ್ಯಾಕ್ಟೋಮೀಟರು ಬಿಟ್ಟು ನೋಡುತ್ತಿದ್ದ. ಕಲ್ಲಮ್ಮ ಐದಾರು ಜನರ ಹಿಂದೆ ಇದ್ದಳು. ಕದರಯ್ಯ ತನ್ನ ಕ್ಯಾನು ಮುಂದಿಟ್ಟು, ಹಾಲು ಸುರಿಯದೆ, ಸಾಲಿನ ಕಡೆ ತಿರುಗಿದ. ಹೇಳಬೇಕೆಂದು ರಾತ್ರಿಯೆಲ್ಲ ಜೋಡಿಸಿಕೊಂಡದ್ದು ಬರಲಿಲ್ಲ.

"ಕೆಂಚನ ಮೈ ಸುಟ್ಟಿದ್ದು ನನ್ ಕೈಲಿ," ಎಂದ. "ಎಂಜಿನ್ ಆಯಿಲ್ ಹಚ್ಚಿದ್ದೆ. ಕಲ್ಲಕ್ಕ ಒಂದ್ ತೊಟ್ಟೂ ನೀರು ಹಾಕ್ಲಿಲ್ಲ. ನೀವಂದಾಗ ನಾನು ಸುಳ್ಳೇ ಹ್ಞೂಂ ಅಂದೆ."

ಹಿಂದಿನಿಂದ ಒಬ್ಬ, ಏನ್ಲಾ ಕದರಾ, ನಾಯಿನೂ ಟ್ರಾಕ್ಟ್ರು ಅಂದ್ಕಂಡು ಸರ್ವಿಸ್ ಮಾಡ್ದೇನ್ಲಾ ಎಂದ. ಸಾಲೆಲ್ಲ ನಕ್ಕಿತು. ಕ್ಯಾಕರಿಸಿ ಉಗಿದಿದ್ದರೆ ಕದರಯ್ಯ ತಡೆದುಕೊಳ್ಳುತ್ತಿದ್ದ. ಇವರು ನಗುತ್ತಿದ್ದರು, ಎರಡು ವಾರ ಯಾರ ಮುಖ ನೋಡದೆ ಇದ್ದರೋ ಅವಳ ಕಡೆ ಈಗಲೂ ಒಬ್ಬರೂ ತಿರುಗಲಿಲ್ಲ. ಮಾತಾಡಿಸದೆ ಇದ್ದವರಿಗೂ ಈಗ ಮುಖ ತೋರಿಸುವುದು ಕಷ್ಟವಾಗಿತ್ತೋ ಏನೋ.

ಕಲ್ಲಮ್ಮನ ಸರದಿ ಬಂತು. ಹಾಲು ಸುರಿದು, ಚೀಟಿ ತೆಗೆದುಕೊಂಡು ಸೆರಗಿಗೆ ಕಟ್ಟಿದಳು. ಕದರಯ್ಯನನ್ನು ದಾಟುವಾಗ ನಿಲ್ಲಲಿಲ್ಲ, ಬಿರುಸಾಗಿಯೂ ನಡೆಯಲಿಲ್ಲ. ಸಾಲು ಕರಗಿದ ಮೇಲೂ ಅವನು ಕ್ಯಾನಿನ ಪಕ್ಕ ನಿಂತೇ ಇದ್ದ.

"ಸುರೀಯಪ್ಪ," ಎಂದ ರೇವಣಸಿದ್ದಯ್ಯ. "ಬಾಗ್ಲು ಹಾಕ್ಬೇಕು."