ಅಣಕು ರೋಗಿ

ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಮಾಡುವ ಮೈದುನ ಬೆಳಿಗ್ಗೆ ಬಂದವನು ಹೊಸ್ತಿಲ ಆಚೆಯೇ ನಿಂತ. ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

"ಸಾಂಕ್ರಾಮಿಕ ರೋಗಾನೂ ಈಗ ವಿಪತ್ತು ಅಂತ ಸೇರಿಸಿದ್ದಾರೆ ಅತ್ತಿಗೆ. ಇನ್ಮೇಲೆ ನಮ್ಮನ್ನೂ ಕರೀತಾರೆ. ಇವತ್ತು ಅಣಕು ಕಾರ್ಯಾಚರಣೆ ಇದೆ. ರೋಗಿಯಾಗ್ತೀನಿ ಅಂದಿದ್ದವರು ಕೈಕೊಟ್ರು."

"ನಾನು ಬರ್ಲಾ?"

ಅವನು ಕೇಳಲೆಂದೇ ಬಂದಿದ್ದ. ಆದರೂ ನೆಲ ನೋಡಿದ.

"ಸುಮ್ನೆ ಮಲಗಿರೋದು ತಾನೆ," ಅಂದಳು. "ಆದ್ರೆ ಈ ಮನೆಯಿಂದಲೇ ಎತ್ಕೊಂಡು ಹೋಗಿ."

ರೋಗ ಊರನ್ನೇ ಹೊಕ್ಕಿದ್ದ ವರ್ಷ ಅವಳ ಗಂಡ ಇದೇ ಮೂರನೆಯ ಮಹಡಿಯ ಮನೆಯಲ್ಲಿ ಉಸಿರಿಗೆ ಪರದಾಡಿ ತೀರಿಹೋಗಿದ್ದ. ಆಂಬ್ಯುಲೆನ್ಸ್ ಬರಲಿಲ್ಲ. ಬೆಂಕಿ, ಪ್ರವಾಹ, ಕಟ್ಟಡ ಕುಸಿತಕ್ಕಷ್ಟೇ ಹೊರಡಬೇಕೆಂಬ ನಿಯಮವಿದ್ದುದರಿಂದ ಮೈದುನನ ಠಾಣೆಯ ಗಾಡಿಗಳು ಸಾಲಾಗಿ ನಿಂತೇ ಇದ್ದವು. ಅಣ್ಣನಿಗಾಗಿ ಅವನು ಮೇಲಿನವರಿಗೆ ಫೋನು ಮಾಡಿ ಮಾಡಿ ಸೋತಿದ್ದ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಈಗ ನಿಯಮ ಬದಲಾಗಿತ್ತು.

ಮಧ್ಯಾಹ್ನ ಮೈದುನ ತನ್ನ ಠಾಣೆಯವರೊಂದಿಗೆ ಬಂದ. ಅವಳು ಗಂಡ ಮಲಗುತ್ತಿದ್ದ ಮಂಚದ ಮೇಲೆ ಮಲಗಿದಳು. ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಗಾಳಿ ತಣ್ಣಗಿತ್ತು, ರಬ್ಬರಿನ ವಾಸನೆ. ಈಗಲಾದರೂ ಅಳು ಬರಬಹುದೆಂದು ಕಾದಳು. ಬರಲಿಲ್ಲ. ಚಾವಣಿಯ ಬಿರುಕೊಂದು ಫ್ಯಾನಿನವರೆಗೂ ಹೋಗಿರುವುದು ಕಂಡಿತು, ಅಷ್ಟೇ.

ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಮೈದುನ ಗೋಡೆಗೆ ಒರಗಿ ನಿಂತುಬಿಟ್ಟ.

"ಅವತ್ತು ನಾವು ಬಂದಿದ್ರೂ ಇಲ್ಲೇ ಸಿಕ್ಕಿಹಾಕ್ಕೊಳ್ತಿದ್ವಿ, ಅತ್ತಿಗೆ."

ಅವಳು ಮಾಸ್ಕ್ ಸರಿಸಿದಳು. "ಒಳಗೆ ಊಟದ ಕುರ್ಚಿ ಇದೆ, ತಗೊಂಡು ಬಾ. ನಾನೇನು ಅಷ್ಟು ಭಾರ ಇಲ್ಲ."

ಕುರ್ಚಿಯಲ್ಲಿ ಕೂರಿಸಿ, ದುಪ್ಪಟಿಯಿಂದ ಕಟ್ಟಿ ಇಳಿಸಿದರು. ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆ ಸಿದ್ಧವಿತ್ತು. "ರೋಗಿ ಬದುಕಿದರು," ಎಂದು ಅಧಿಕಾರಿ ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಹಣ್ಣಿನ ರಸ ಕೊಟ್ಟರು, ಕುಡಿದಳು. ರುಚಿ ಗೊತ್ತಾಗಲಿಲ್ಲ.

ಆಮೇಲೆ ಠಾಣೆಯ ಪ್ರತಿ ಗಾಡಿಗೂ ಮಡಚುವ ಕುರ್ಚಿಯೊಂದು ಬಂತು. ಮುಂದಿನ ಕಾರ್ಯಾಚರಣೆಗೆ ಬೇರೆ ಯಾರನ್ನಾದರೂ ಹುಡುಕುತ್ತೇನೆಂದು ಮೈದುನ ಹೊಸ್ತಿಲ ಆಚೆ ನಿಂತೇ ಹೇಳಿದ.

"ಬೇಡ. ಇಳಿಸುವಾಗ ಕುರ್ಚಿನ ಹಿಂದಿನಿಂದ ಹಿಡಿಯೋನು ಇನ್ನೂ ಆತುರ ಮಾಡ್ತಾನೆ," ಅಂದಳು. "ಅವನಿಗೆ ರೂಢಿ ಆಗೋವರೆಗೂ ನಾನೇ ಕೂರ್ತೀನಿ."

ಅಣ್ಣ ಹೋದ ಮೇಲೆ ಕೆಲಸದ ನೆಪವಿಲ್ಲದೆ ಮೈದುನ ಅಂದು ಮೊದಲ ಬಾರಿಗೆ ಒಳಗೆ ಬಂದು, ಅಣ್ಣನ ಮಂಚದ ತುದಿಯಲ್ಲಿ ಕೂತ.